ಹಳದಿ ಚಿಟ್ಟೆಗಳು ಊರಿಂದೂರಿಗೆ ಬದಲಾಗುತ್ತವೆಯೇ? ಸಂಗ್ರಹಿಸಿ ಹೋಲಿಸಲು ಸಮಗ್ರ ಮಾರ್ಗದರ್ಶಿ

ಆಗುಂಬೆಯ ಹಳದಿ ಚಿಟ್ಟೆಗೆ ರೆಕ್ಕೆಯ ಅಂಚಿನಲ್ಲಿ ದಪ್ಪ ಕಪ್ಪು ಪಟ್ಟಿ. ಚಳ್ಳಕೆರೆಯದಕ್ಕೆ ಪಟ್ಟಿ ತೆಳ್ಳಗೆ, ಜೊತೆಗೆ ರೆಕ್ಕೆಯ ಕೆಳಮೈಯಲ್ಲಿ ತುಕ್ಕು ಬಣ್ಣದ ಮಚ್ಚೆ. ಎರಡೂ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ದಿನ, ಎರಡು ಬೇರೆ ಬೇರೆ ತಳಿ ಸಿಕ್ಕಿವೆ ಅಂತಲೇ ನಾನು ನಂಬಿದ್ದೆ. ಆಮೇಲೆ ತಾರೀಕು ನೋಡಿದೆ. ಒಂದು ಜುಲೈನದು, ಇನ್ನೊಂದು ಫೆಬ್ರವರಿಯದು. ಮಳೆಗಾಲವನ್ನು ಒಣಗಾಲದ ಜೊತೆ ಹೋಲಿಸಿ, ಅದಕ್ಕೆ ಊರಿನ ಹೆಸರು ಬರೆದುಬಿಟ್ಟಿದ್ದೆ.

ಹಳದಿ ಚಿಟ್ಟೆಗಳನ್ನು ಹೋಲಿಸಲು ಹೊರಟವರು ಮೊದಲು ಎಡವುವುದು ಇಲ್ಲೇ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಒಂದೇ ವಿಷಯದ ಸುತ್ತ ಇದೆ: ಊರಿನ ವ್ಯತ್ಯಾಸ ಅನ್ನುವ ಮೊದಲು ಕಾಲ, ಗಂಡು-ಹೆಣ್ಣು, ವಯಸ್ಸು ಇವು ತರುವ ವ್ಯತ್ಯಾಸವನ್ನು ಕಳೆಯುವುದು ಹೇಗೆ?

ಯಾವ ಚಿಟ್ಟೆಗಳ ಮಾತಿದು

ಅಮೆರಿಕದವರು ಇವನ್ನು ಸಲ್ಫರ್ ಅನ್ನುತ್ತಾರೆ, ಗಂಧಕದ ಬಣ್ಣ ಇರುವುದರಿಂದ. ಇದೇ ಗುಂಪಿನ ಚಿಟ್ಟೆಗಳು ನಮ್ಮಲ್ಲಿ ಗ್ರಾಸ್ ಯೆಲ್ಲೊ, ಎಮಿಗ್ರೆಂಟ್ ಅನ್ನುವ ಹೆಸರಿನಲ್ಲಿ ಪರಿಚಿತ. ನೆಲದಿಂದ ಒಂದಡಿ ಮೇಲೆ ಹುಲ್ಲಿನ ನಡುವೆ ತೇಲಾಡುತ್ತಾ ಹೋಗುವ ಪುಟ್ಟ ಹಳದಿ ಪಾತರಗಿತ್ತಿ ಗ್ರಾಸ್ ಯೆಲ್ಲೊ. ಕಕ್ಕೆ ಮರದ ಸುತ್ತ ಜೋರಾಗಿ ಹಾರುವ, ನಿಂಬೆ ಬಣ್ಣದ ದೊಡ್ಡದು ಎಮಿಗ್ರೆಂಟ್. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲಿನಲ್ಲಿ ನೀಲಗಿರಿ ಕ್ಲೌಡೆಡ್ ಯೆಲ್ಲೊ ಇದೆ. ಅದರ ಹತ್ತಿರದ ನೆಂಟರನ್ನು ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು.

ಶುರು ಮಾಡುವವರಿಗೆ ನನ್ನ ಸಲಹೆ ಕಾಮನ್ ಗ್ರಾಸ್ ಯೆಲ್ಲೊ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟ ಚಿಟ್ಟೆ ಇದು. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಹರಡಿದೆ. ಕರಾವಳಿ, ಮಲೆನಾಡು, ಬಯಲುಸೀಮೆ ಎಲ್ಲ ಕಡೆಯೂ ಸಿಗುತ್ತದೆ. ಅಪರೂಪದ ಚಿಟ್ಟೆಯ ಹಿಂದೆ ಓಡಿದರೆ ಎರಡು ಫೋಟೊ ಸಿಗಬಹುದು. ಹೋಲಿಕೆಗೆ ಬೇಕಿರುವುದು ಐವತ್ತು, ನೂರು.

ಮೊದಲು ಒಂದು ಕಾನೂನಿನ ಮಾತು

ಸಂಗ್ರಹ ಅಂದ ತಕ್ಷಣ ಬಲೆ, ಸೂಜಿ, ಗಾಜಿನ ಪೆಟ್ಟಿಗೆ ನೆನಪಾಗುತ್ತವೆ, ಅಲ್ವಾ? ಅದು ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಅನುಮತಿ ಇಲ್ಲದೆ ಕೀಟಗಳನ್ನೂ ಹಿಡಿಯುವಂತಿಲ್ಲ. ಕೆಲವು ಚಿಟ್ಟೆಗಳಿಗೆ ಕಾಯ್ದೆಯ ಪಟ್ಟಿಯಲ್ಲೇ ರಕ್ಷಣೆ ಇದೆ, ಅವನ್ನು ಎಲ್ಲೂ ಮುಟ್ಟುವಂತಿಲ್ಲ. 2008ರಲ್ಲಿ ಡಾರ್ಜಿಲಿಂಗ್ ಹತ್ತಿರದ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಕೀಟ ಸಂಗ್ರಹಿಸಿದ್ದಕ್ಕೆ ಜೆಕ್ ದೇಶದ ಇಬ್ಬರನ್ನು ಬಂಧಿಸಲಾಗಿತ್ತು. ಅದೂ ಅಲ್ಲದೆ ನಮ್ಮ ಕೆಲಸಕ್ಕೆ ಕೊಲ್ಲುವ ಅಗತ್ಯವೇ ಇಲ್ಲ. ಫೋಟೊ, ತಾನಾಗಿ ಸತ್ತ ಚಿಟ್ಟೆಯ ರೆಕ್ಕೆ, ಮನೆಯಲ್ಲಿ ಸಾಕಿದ ಹುಳು ಇವಿಷ್ಟರಲ್ಲೇ ಮುಗಿಯುತ್ತದೆ. ರೆಕ್ಕೆ ಹೆಕ್ಕುವುದು, ಮೊಟ್ಟೆ ತರುವುದು ಎಲ್ಲಾ ಊರಿನ ರಸ್ತೆ ಬದಿ, ತೋಟ, ಹಿತ್ತಲಿನಲ್ಲಿ ಮಾತ್ರ ಇರಲಿ.

ಹೆಜ್ಜೆ 1: ಇದು ಯಾವ ಗ್ರಾಸ್ ಯೆಲ್ಲೊ ಅಂತ ಖಚಿತ ಮಾಡಿಕೊಳ್ಳಿ

ಒಂದೇ ಹುಲ್ಲುಗಾವಲಿನಲ್ಲಿ ಮೂರ್ನಾಲ್ಕು ಜಾತಿಯ ಗ್ರಾಸ್ ಯೆಲ್ಲೊ ಹಾರುತ್ತಿರಬಹುದು. ಅವನ್ನು ಬೆರೆಸಿಬಿಟ್ಟರೆ ಮುಂದಿನ ಹೋಲಿಕೆ ಪೂರ್ತಿ ವ್ಯರ್ಥ. ಕೂತಾಗ ಇವು ರೆಕ್ಕೆ ಮುಚ್ಚಿಯೇ ಕೂರುತ್ತವೆ, ಹಾಗಾಗಿ ಕೆಳಮೈಯಿಂದಲೇ ಗುರುತು ಹಿಡಿಯಬೇಕು.

ಮುಂದಿನ ರೆಕ್ಕೆಯ ಬುಡದಿಂದ ಮಧ್ಯದವರೆಗೆ ಎರಡು ನರಗಳ ನಡುವೆ ಮುಚ್ಚಿದ ಒಂದು ಉದ್ದನೆಯ ಜಾಗ ಇದೆ, ಅದನ್ನು ಕೋಶ ಅನ್ನುತ್ತಾರೆ. ಅದರೊಳಗಿನ ಸಣ್ಣ ಚುಕ್ಕೆ ಎಣಿಸಿ. ಎರಡಿದ್ದರೆ ಕಾಮನ್, ಮೂರಿದ್ದರೆ ತ್ರೀ-ಸ್ಪಾಟ್, ಒಂದಿದ್ದರೆ ಒನ್-ಸ್ಪಾಟ್. ಸ್ಪಾಟ್‌ಲೆಸ್‌ನಲ್ಲಿ ಚುಕ್ಕೆ ಇರುವುದಿಲ್ಲ. ಅದರ ಮುಂದಿನ ರೆಕ್ಕೆಯ ತುದಿ ಕತ್ತರಿಸಿದ ಹಾಗೆ ಚೌಕ. ಒಣಗಾಲದಲ್ಲಿ ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಎರಡು ಗೆರೆಗಳು ಸಮಾನಾಂತರವಾಗಿ ಎದ್ದು ಕಾಣುತ್ತವೆ. ಸ್ಮಾಲ್ ಗ್ರಾಸ್ ಯೆಲ್ಲೊ ಎಲ್ಲಕ್ಕಿಂತ ಪುಟ್ಟದು, ಒಣಗಾಲದಲ್ಲಿ ಅದರ ಕೆಳಮೈಗೆ, ರೆಕ್ಕೆಯ ಅಂಚಿಗೆ ಕೆಂಪು ಛಾಯೆ ಬರುತ್ತದೆ.

ಆದರೆ ಚುಕ್ಕೆಯನ್ನೇ ಪೂರ್ತಿ ನಂಬಬೇಡಿ. ಚುಕ್ಕೆ ಮಾಸಿದ ಚಿಟ್ಟೆಗಳೂ ಸಿಗುತ್ತವೆ. ಎರಡನೇ ಸಾಕ್ಷಿ ಮೇಲ್ಮೈಯ ಕಪ್ಪು ಪಟ್ಟಿ. ಕಾಮನ್‌ನಲ್ಲಿ ಆ ಪಟ್ಟಿಯ ಒಳಗಂಚು ಮಧ್ಯದಲ್ಲಿ ಕಚ್ಚಿ ತೆಗೆದ ಹಾಗಿದ್ದು, ಹಳದಿ ಅಲ್ಲಿ ಪಟ್ಟಿಯೊಳಗೆ ನುಗ್ಗಿರುತ್ತದೆ. ಸ್ಮಾಲ್‌ನಲ್ಲಿ ಆ ಕಚ್ಚು ಇರುವುದಿಲ್ಲ. ಸರಿ, ಕೂತಾಗ ಮೇಲ್ಮೈ ಕಾಣುವುದೇ ಇಲ್ಲವಲ್ಲ? ಅದಕ್ಕೂ ದಾರಿ ಇದೆ.

ಬೆಳಿಗ್ಗೆ ಹತ್ತರ ಹೊತ್ತಿಗೆ, ಮಳೆ ನಿಂತ ಮಾರನೇ ದಿನ, ಕೆಸರು ಇನ್ನೂ ಆರದ ಹಳ್ಳದ ಬದಿಗೆ ಹೋಗಿ. ಗಂಡುಗಳು ಉಪ್ಪಿನಂಶ ಹೀರಲು ಹತ್ತಿಪ್ಪತ್ತು ಒಟ್ಟಿಗೆ ಕೂತಿರುತ್ತವೆ. ನಿಂತು ಹತ್ತಿರ ಹೋದರೆ ಒಂದೇ ಸಲ ಎದ್ದುಹೋಗುತ್ತವೆ. ಕುಕ್ಕರಗಾಲಿನಲ್ಲಿ, ನೆರಳು ಅವುಗಳ ಮೇಲೆ ಬೀಳದ ಹಾಗೆ, ನಿಧಾನ ಸರಿಯಿರಿ. ಚಿಟ್ಟೆ ನಿಮಗೂ ಸೂರ್ಯನಿಗೂ ನಡುವೆ ಬರುವ ಹಾಗೆ ಕೂತುಕೊಳ್ಳಿ. ಆಗ ಬಿಸಿಲು ರೆಕ್ಕೆಯನ್ನು ತೂರಿ ಬರುತ್ತದೆ. ಎಣ್ಣೆ ಕಾಗದದ ಹಿಂದೆ ಇಟ್ಟ ಚಿತ್ರದ ಹಾಗೆ ಮೇಲ್ಮೈಯ ಕಪ್ಪು ಪಟ್ಟಿ, ಅದರ ಕಚ್ಚಿನ ಸಮೇತ, ಕೆಳಮೈಯಲ್ಲಿ ಮೂಡುತ್ತದೆ. ಒಂದೇ ಫೋಟೊದಲ್ಲಿ ಎರಡೂ ಮೈಯ ಸುಳಿವು ಸಿಗುತ್ತದೆ. ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಫೋಟೊಗಳೆಲ್ಲ ಹೀಗೆ ತೆಗೆದವೇ.

ಎಮಿಗ್ರೆಂಟ್ ಆರಿಸಿಕೊಂಡವರಿಗೆ ಕೆಲಸ ಸ್ವಲ್ಪ ಸುಲಭ. ಕೆಳಮೈಯಲ್ಲಿ ಸಣ್ಣ ಸಣ್ಣ ಗೀರು ತುಂಬಿದ್ದರೆ ಮಾಟಲ್ಡ್ ಎಮಿಗ್ರೆಂಟ್, ಇಲ್ಲದಿದ್ದರೆ ಕಾಮನ್ ಎಮಿಗ್ರೆಂಟ್. ಕಾಮನ್ ಎಮಿಗ್ರೆಂಟ್‌ನಲ್ಲೇ ಎರಡು ರೂಪ ಇವೆ: ಮೀಸೆ ಕೆಂಪಗಿದ್ದು ಕೆಳಮೈಯಲ್ಲಿ ಕೆಂಪು ಸುತ್ತಿನ ಬೆಳ್ಳಿ ಚುಕ್ಕೆ ಇರುವುದು ಒಂದು, ಮೀಸೆ ಕಪ್ಪಗಿದ್ದು ಆ ಚುಕ್ಕೆ ಇಲ್ಲದ್ದು ಇನ್ನೊಂದು. ಬಹಳ ಕಾಲ ಇವನ್ನು ಎರಡು ಜಾತಿ ಅಂತಲೇ ಎಣಿಸಿದ್ದರು. ಎರಡೂ ಒಂದೇ ಊರಿನಲ್ಲಿ ಸಿಗುತ್ತವೆ, ಹಾಗಾಗಿ ಇದನ್ನು ಊರಿನ ಗುರುತು ಅಂದುಕೊಳ್ಳಬೇಡಿ.

ಹೆಜ್ಜೆ 2: ಊರುಗಳನ್ನು ಒಂದು ಸಾಲಿನಲ್ಲಿ ಆರಿಸಿ

ಸುಮ್ನೆ ಅಲ್ಲೊಂದು ಇಲ್ಲೊಂದು ಊರು ಆರಿಸಿದರೆ ವ್ಯತ್ಯಾಸಕ್ಕೆ ಕಾರಣ ಹೇಳಲು ಆಗುವುದಿಲ್ಲ. ಮಳೆ, ಎತ್ತರ ಇವು ಹಂತಹಂತವಾಗಿ ಬದಲಾಗುವ ಸಾಲು ಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ ಹೇಳಿ ಮಾಡಿಸಿದಂತಹ ಸಾಲಿದೆ: ಉಡುಪಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗ, ಚಳ್ಳಕೆರೆ. ಸಮುದ್ರದ ಮಟ್ಟದಿಂದ ಹೊರಟು ಘಟ್ಟ ಹತ್ತಿ, ಬಯಲಿಗೆ ಬರುತ್ತೀರಿ. ಆಗುಂಬೆಯಲ್ಲಿ ವರ್ಷದ ಮಳೆ 7000 ಮಿ.ಮೀ. ದಾಟುತ್ತದೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಒಂದೇ ದಿನದ ಪ್ರಯಾಣದಲ್ಲಿ ಇಷ್ಟು ದೊಡ್ಡ ಅಂತರ ಸಿಗುವ ಜಾಗ ಜಾಸ್ತಿ ಇಲ್ಲ.

ಆರು ಊರು ಆಗದಿದ್ದರೆ ಮೂರು ಸಾಕು. ಒಬ್ಬರೇ ಮಾಡುವ ಬದಲು ಆ ಊರುಗಳಲ್ಲಿರುವ ಗೆಳೆಯರು, ಶಾಲೆಯ ಮೇಷ್ಟ್ರು, ನೆಂಟರ ಮಕ್ಕಳನ್ನು ಸೇರಿಸಿಕೊಂಡರೆ ಒಂದೇ ವಾರದಲ್ಲಿ ಎಲ್ಲ ಊರಿನ ಫೋಟೊ ಬರುತ್ತವೆ. ಆ 'ಒಂದೇ ವಾರ' ತುಂಬಾ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 3: ಎಲ್ಲರೂ ಒಂದೇ ರೀತಿ ಫೋಟೊ ತೆಗೆಯಿರಿ

ಹಳದಿ ಬಣ್ಣ ಕ್ಯಾಮೆರಾಗೆ ಕಷ್ಟದ ಬಣ್ಣ. ಬಿಸಿಲಿನಲ್ಲಿ ಅದು ಬೆಳಗಿ, ಚುಕ್ಕೆ, ಗೆರೆ ಎಲ್ಲ ಅಳಿಸಿಹೋದ ಹಾಗಾಗುತ್ತದೆ. ಎಕ್ಸ್‌ಪೋಶರ್ ಅನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ ಇಳಿಸಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ, ಡೇಲೈಟ್‌ಗೆ ಕಟ್ಟಿಹಾಕಿ. ಮೊಬೈಲ್‌ನಲ್ಲಾದರೆ ಬಣ್ಣ ಹೆಚ್ಚಿಸುವ ಫಿಲ್ಟರ್‌ಗಳನ್ನು ಪೂರ್ತಿ ಆಫ್ ಮಾಡಿ. ಇಷ್ಟೆಲ್ಲ ಮಾಡಿದರೂ ಹಳದಿಯ ಛಾಯೆಯನ್ನು ಊರುಗಳ ನಡುವೆ ಹೋಲಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ಬೇರೆ ಕ್ಯಾಮೆರಾದ ಹಳದಿ ಬೇರೆ ಬೇರೆ. ಇನ್ನೂ ಒಂದು ಕಾರಣ ಇದೆ: ಕಾಮನ್ ಗ್ರಾಸ್ ಯೆಲ್ಲೊ ಗಂಡಿನ ರೆಕ್ಕೆಯ ಮೇಲ್ಮೈ ಅತಿನೇರಳೆ ಬೆಳಕನ್ನು ಪ್ರತಿಫಲಿಸುತ್ತದೆ. ಚಿಟ್ಟೆಗಳು ತಮ್ಮತಮ್ಮಲ್ಲಿ ನೋಡುವ ಬಣ್ಣದ ಒಂದು ಭಾಗ ನಮ್ಮ ಕಣ್ಣಿಗೂ ಕ್ಯಾಮೆರಾಗೂ ಕಾಣುವುದೇ ಇಲ್ಲ. ಹೋಲಿಕೆ ಮಾಡುವುದಾದರೆ ಪಟ್ಟಿಯ ಅಗಲ, ಮಚ್ಚೆಯ ಗಾತ್ರ, ರೆಕ್ಕೆಯ ಅಂಚಿನುದ್ದಕ್ಕೂ ಇರುವ ಸಣ್ಣ ಕೂದಲು, ಇಂತಹ ಗುರುತುಗಳನ್ನು ಹಿಡಿಯಿರಿ.

ಲೆನ್ಸ್ ರೆಕ್ಕೆಗೆ ನೇರ ಎದುರಾಗಿ ಇರಬೇಕು. ಸ್ವಲ್ಪ ಓರೆಯಾದರೂ ಅಳತೆ ತಪ್ಪುತ್ತದೆ. ಮುಂದಿನ ರೆಕ್ಕೆ ಹಿಂದಿನದರ ಹಿಂದೆ ಅಡಗಿದ್ದರೆ ಕಾಯಿರಿ, ಹೂವಿನ ಮೇಲೆ ಕೂತಾಗ ಹೊರಗೆ ಎಳೆಯುತ್ತದೆ.

ಹೆಜ್ಜೆ 4: ಬಿದ್ದ ರೆಕ್ಕೆಗಳನ್ನು ಹೆಕ್ಕಿ ಇಡಿ

ಎಮಿಗ್ರೆಂಟ್‌ಗಳು ಗುಂಪಾಗಿ ಹಾರುವ ದಿನಗಳಲ್ಲಿ ವಾಹನಕ್ಕೆ ಸಿಕ್ಕಿ ಸಾಯುವ ಚಿಟ್ಟೆಗಳು ರಸ್ತೆ ಬದಿಯಲ್ಲಿ ಬಿದ್ದಿರುತ್ತವೆ. ಜೇಡ, ಸೂರ್ಯನ ಕುದುರೆ ತಿಂದು ಉಳಿಸಿದ ರೆಕ್ಕೆ ಹೂವಿನ ಗಿಡದ ಬುಡದಲ್ಲಿ ಸಿಗುತ್ತದೆ. ಇವನ್ನು ಇಡಲು ಬೆಣ್ಣೆ ಕಾಗದದ ಲಕೋಟೆ ಮಾಡಿಕೊಳ್ಳಿ. 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡನ್ನು ಓರೆಯಾಗಿ ಮಡಚಿ. ಎರಡು ಬದಿಯಲ್ಲಿ ಪಟ್ಟಿ ಉಳಿಯುವ ತ್ರಿಕೋನ ಬರುತ್ತದೆ. ಒಂದು ಪಟ್ಟಿಯನ್ನು ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ ಮಡಚಿದರೆ ಗೋಂದು ಇಲ್ಲದೆಯೇ ಭದ್ರ. ವಿವರವನ್ನು ರೆಕ್ಕೆ ಹಾಕುವ ಮೊದಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ಬರೆದರೆ ಒತ್ತಡಕ್ಕೆ ರೆಕ್ಕೆಯ ಪುಡಿ ಉದುರುತ್ತದೆ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿಡಿ. ಮಲೆನಾಡಿನಲ್ಲಿ ಒಂದೇ ಮಳೆಗಾಲ ಸಾಕು, ಎಲ್ಲಕ್ಕೂ ಬೂಷ್ಟು ಹಿಡಿಯಲು.

ಹೆಜ್ಜೆ 5: ವಿವರ ಬರೆಯದ ಫೋಟೊ ಹೋಲಿಕೆಗೆ ಬರುವುದಿಲ್ಲ

ಪ್ರತಿ ಫೋಟೊಗೂ, ಪ್ರತಿ ರೆಕ್ಕೆಗೂ ಇಷ್ಟು ಬೇಕೇ ಬೇಕು: ಊರು ಮತ್ತು ಆ ಜಾಗದ ನಿಖರ ಸ್ಥಾನ, ಸಮುದ್ರ ಮಟ್ಟದಿಂದ ಎತ್ತರ, ತಾರೀಕು, ಗಂಡೋ ಹೆಣ್ಣೋ, ರೆಕ್ಕೆ ಹೊಸದೋ ಸವೆದದ್ದೋ, ಹತ್ತಿರ ಯಾವ ಗಿಡ ಇತ್ತು, ಕೊನೆಯ ಮಳೆ ಯಾವಾಗ ಬಂದಿತ್ತು. ಫೈಲ್‌ನ ಹೆಸರನ್ನೇ ಹೀಗೆ ಇಡಬಹುದು: ಕಾಮನ್_ಆಗುಂಬೆ_2024-07-14_03.

ಗಂಡನ್ನು ಗುರುತಿಸಲು ಮುಂದಿನ ರೆಕ್ಕೆಯ ಕೆಳಮೈಯಲ್ಲಿ, ಕೋಶದ ಕೆಳಗಿನ ನರದ ಮೇಲೆ ಒಂದು ತೆಳು ಉದ್ದನೆಯ ಗುರುತು ನೋಡಿ. ಅದು ಗಂಡಿನಲ್ಲಿ ಮಾತ್ರ ಇರುತ್ತದೆ. ಹೆಣ್ಣಿನ ಹಳದಿ ಸಾಮಾನ್ಯವಾಗಿ ಪೇಲವ. ಗಂಡು-ಹೆಣ್ಣು ಗೊತ್ತಾಗದಿದ್ದರೆ 'ಗೊತ್ತಿಲ್ಲ' ಅಂತಲೇ ಬರೆಯಿರಿ. ಊಹೆ ಬರೆದರೆ ಆರು ತಿಂಗಳ ನಂತರ ಅದೇ ಸತ್ಯದ ಹಾಗೆ ಕಾಣುತ್ತದೆ.

ಹೆಜ್ಜೆ 6: ಕಾಲವನ್ನು ಕಳೆಯಿರಿ

ಮಳೆಗಾಲದ ಗ್ರಾಸ್ ಯೆಲ್ಲೊಗೆ ಅಗಲ ಕಪ್ಪು ಪಟ್ಟಿ, ಬಹುತೇಕ ಶುಭ್ರ ಕೆಳಮೈ. ಒಣಗಾಲದ್ದಕ್ಕೆ ಪಟ್ಟಿ ಕಿರಿದಾಗಿ, ಮುಂದಿನ ರೆಕ್ಕೆಯ ತುದಿಯ ಕೆಳಮೈಯಲ್ಲಿ ಕೆಂಗಂದು ಮಚ್ಚೆ ಬರುತ್ತದೆ. ಒಣಗಿದ ಎಲೆಗಳ ನಡುವೆ ಕೂತರೆ ಆ ಮಚ್ಚೆ ಅದನ್ನು ಮರೆಸುತ್ತದೆ. ತಾಯಿ ಒಂದೇ ಆದರೂ ಬೆಳೆದ ಕಾಲ ಬೇರೆಯಾದರೆ ಮಕ್ಕಳ ಉಡುಗೆ ಬೇರೆ.

ಈ ಮೋಸಕ್ಕೆ ಬಿದ್ದವರು ನಾವಷ್ಟೇ ಅಲ್ಲ. ಬ್ರಿಟಿಷರ ಕಾಲದಲ್ಲಿ ಅನೇಕ ಚಿಟ್ಟೆಗಳ ಮಳೆಗಾಲದ ರೂಪಕ್ಕೆ ಒಂದು ಹೆಸರು, ಒಣಗಾಲದ ರೂಪಕ್ಕೆ ಇನ್ನೊಂದು ಹೆಸರು ಇಟ್ಟು ಎರಡು ಜಾತಿ ಅಂತ ಬರೆದಿದ್ದರು. 1880ರ ದಶಕದಲ್ಲಿ ಚಿಟ್ಟೆ ತಜ್ಞ ಲಯೋನೆಲ್ ಡಿ ನಿಸೆವಿಲ್ ಕಲ್ಕತ್ತೆಯಲ್ಲಿ ಕಂದು ಚಿಟ್ಟೆಗಳನ್ನು ಮೊಟ್ಟೆಯಿಂದ ಸಾಕಿ, ಎರಡೂ ರೂಪ ಒಂದೇ ಜಾತಿಯವು ಅಂತ ತೋರಿಸಿಕೊಟ್ಟರು. ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ಸಾವಿರ ಚಿಟ್ಟೆ ಇಟ್ಟರೂ ಗೊತ್ತಾಗದ್ದು ಹುಳು ಸಾಕಿದಾಗ ಗೊತ್ತಾಯಿತು.

ಹಾಗಾಗಿ ನಿಯಮ ಇದು. ಊರಿಗೆ ಊರನ್ನು ಹೋಲಿಸುವಾಗ ಒಂದೇ ವಾರದ, ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು, ರೆಕ್ಕೆ ಸವೆಯದ ಚಿಟ್ಟೆಗಳನ್ನು ಮಾತ್ರ ತೆಗೆದುಕೊಳ್ಳಿ. ಪ್ರತಿ ಊರಿನಿಂದ ಕನಿಷ್ಠ 20 ಇರಲಿ. ವರ್ಷಕ್ಕೆ ನಾಲ್ಕು ಸುತ್ತು ಮಾಡಿ: ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್.

ನನಗೆ ತುಂಬಾ ಆಸಕ್ತಿ ಇರುವ ಪ್ರಶ್ನೆಯೂ ಇಲ್ಲೇ ಇದೆ. ಎರಡು ಊರಿನ ಚಿಟ್ಟೆಗಳಿಗೆ ಒಂದೇ ಎರಡು ಉಡುಗೆ ಇರಬಹುದು, ಆದರೆ ಉಡುಗೆ ಬದಲಾಯಿಸುವ ತಿಂಗಳು ಬೇರೆ ಇರಬಹುದಲ್ಲವೇ? ಚಳ್ಳಕೆರೆಯಲ್ಲಿ ಕೆಂಗಂದು ಮಚ್ಚೆ ಮೊದಲು ಕಂಡ ದಿನ, ಆಗುಂಬೆಯಲ್ಲಿ ಕಂಡ ದಿನ, ಎರಡನ್ನೂ ಎರಡು-ಮೂರು ವರ್ಷ ಬರೆದಿಟ್ಟರೆ ಉತ್ತರ ಸಿಗುತ್ತದೆ. ಅದಕ್ಕಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಾರಕ್ಕೊಂದು ಸಲ ನೋಡಬೇಕಾಗುತ್ತದೆ.

ಹೆಜ್ಜೆ 7: ಅಳೆಯಿರಿ, ಆದರೆ ಊರಿನ ಹೆಸರು ಮುಚ್ಚಿಟ್ಟು

ಫೋಟೊದಲ್ಲಿ ಸ್ಕೇಲ್ ಇಲ್ಲದಿದ್ದರೂ ಅಳೆಯಬಹುದು, ಪ್ರಮಾಣ ತೆಗೆದರೆ ಆಯಿತು. ಬೆಳಕು ತೂರಿಬಂದ ಫೋಟೊದಲ್ಲಿ ಮುಂದಿನ ರೆಕ್ಕೆಯ ಬುಡದಿಂದ ತುದಿಗೆ ಒಂದು ಗೆರೆ ಎಳೆಯಿರಿ. ಆ ಗೆರೆ 400 ಪಿಕ್ಸೆಲ್ ಇದ್ದು, ಅದರಲ್ಲಿ ಕಪ್ಪು ಭಾಗ 120 ಪಿಕ್ಸೆಲ್ ಇದ್ದರೆ ಪ್ರಮಾಣ 0.30. ಇಮೇಜ್‌ಜೆ ಅನ್ನುವ ಉಚಿತ ತಂತ್ರಾಂಶದಲ್ಲಿ ಇದು ಅರ್ಧ ನಿಮಿಷದ ಕೆಲಸ. ಕೆಂಗಂದು ಮಚ್ಚೆಗೆ ಅಂಕ ಕೊಡಿ: ಇಲ್ಲದಿದ್ದರೆ 0, ಮಸುಕಾಗಿದ್ದರೆ 1, ಸ್ಪಷ್ಟ ಇದ್ದರೆ 2, ದೊಡ್ಡದಾಗಿ ಗಾಢ ಇದ್ದರೆ 3. ಅಂಚಿನ ಕೂದಲಿನ ಬಣ್ಣ ಹಳದಿಯೋ ಕಂದೋ ಅಂತಲೂ ಬರೆಯಿರಿ.

ಅಂಚಿನ ಕೂದಲು ಸಣ್ಣ ವಿಷಯ ಅನಿಸಬಹುದು. ಜಪಾನಿನಲ್ಲಿ ಕಾಮನ್ ಗ್ರಾಸ್ ಯೆಲ್ಲೊ ಅಂತ ಕರೆಯುತ್ತಿದ್ದ ಚಿಟ್ಟೆಗಳಲ್ಲಿ ಒಂದಕ್ಕೆ ಅಂಚಿನ ಕೂದಲು ಹಳದಿ, ದಕ್ಷಿಣದ ದ್ವೀಪಗಳದ್ದಕ್ಕೆ ಕಂದು. ಹಿಂದೆ ಬಿದ್ದು ನೋಡಿದಾಗ ತಿನ್ನುವ ಗಿಡ, ಹಗಲಿನ ಉದ್ದಕ್ಕೆ ಸ್ಪಂದಿಸುವ ರೀತಿ ಎಲ್ಲ ಬೇರೆ ಅಂತ ತಿಳಿಯಿತು. ಈಗ ಅವು ಎರಡು ಜಾತಿ. ನಮ್ಮ ಕಡೆಯೂ ಇಂತಹ ಉದಾಹರಣೆ ಇದೆ. ದಕ್ಷಿಣ ಭಾರತದ ಒನ್-ಸ್ಪಾಟ್ ಗ್ರಾಸ್ ಯೆಲ್ಲೊ ಒಂದು ಬೇರೆಯೇ ಉಪಜಾತಿ ಅಂತ ಚಿಟ್ಟೆ ತಜ್ಞರಾದ ಒಸಾಮು ಯಾತಾ ಮತ್ತು ಹರೀಶ್ ಗಾಂವ್ಕರ್ ವಿವರಿಸಿದ್ದು 1999ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಅಳೆಯುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಮನೆಯಲ್ಲಿ ಯಾರಿಗಾದರೂ ಹೇಳಿ ಫೋಟೊಗಳಿಗೆ ಬರೀ ನಂಬರ್ ಹಾಕಿಸಿ, ಕಲಸಿಸಿ. ಊರು ಗೊತ್ತಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆ. ಅಳತೆ ಎಲ್ಲ ಮುಗಿದ ಮೇಲೆ ಊರಿನ ಹೆಸರು ಸೇರಿಸಿ. ಗ್ರಾಫ್ ಹಾಳೆಯಲ್ಲಿ ಪ್ರತಿ ಊರಿಗೊಂದು ಕಂಬ, ಪ್ರತಿ ಚಿಟ್ಟೆಗೊಂದು ಚುಕ್ಕೆ. ಸರಾಸರಿ ತೆಗೆದು ತೃಪ್ತರಾಗಬೇಡಿ, ಚುಕ್ಕೆಗಳನ್ನೇ ನೋಡಿ. ಎರಡು ಕಂಬದ ಚುಕ್ಕೆಗಳು ಪೂರ್ತಿ ಬೆರೆತುಹೋಗಿದ್ದರೆ ವ್ಯತ್ಯಾಸ ಇಲ್ಲ. ನಾಲ್ಕೂ ಸುತ್ತಿನಲ್ಲಿ ದೂರ ದೂರ ನಿಂತಿದ್ದರೆ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 8: ಒಂದೇ ಕಿಟಕಿಯಲ್ಲಿ ಎರಡು ಊರಿನ ಹುಳು ಸಾಕಿ

ಇಷ್ಟಾದ ಮೇಲೂ ಒಂದು ಸಂಶಯ ಉಳಿಯುತ್ತದೆ. ವ್ಯತ್ಯಾಸ ಹುಟ್ಟಿನಿಂದ ಬಂದಿದ್ದೋ, ಊಟ ಮತ್ತು ಹವೆಯಿಂದ ಬಂದಿದ್ದೋ? ಎರಡೂ ಊರಿನ ಮೊಟ್ಟೆ ತಂದು ಒಂದೇ ಕಡೆ ಸಾಕಿದರೆ ಮಾತ್ರ ಗೊತ್ತಾಗುತ್ತದೆ.

ಸೀಮೆ ಹುಣಸೆಯ ಚಿಗುರು, ಬಾಗೆ ಮರದ ಎಳೆ ಎಲೆ ನೋಡಿ. ಕಾಮನ್ ಗ್ರಾಸ್ ಯೆಲ್ಲೊ ಒಂದೊಂದೇ ಮೊಟ್ಟೆ ಇಡುತ್ತದೆ, ಎರಡೂ ತುದಿ ಚೂಪಾದ ಬಿಳಿ ಕಡ್ಡಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಗುಂಪಾಗಿ ಇಟ್ಟಿದ್ದರೆ ಅದು ತ್ರೀ-ಸ್ಪಾಟ್. ಹುಳುವಿನ ತಲೆ ನೋಡಿಯೂ ಹೇಳಬಹುದು: ಕಾಮನ್‌ಗೆ ಹಸಿರು ತಲೆ, ತ್ರೀ-ಸ್ಪಾಟ್‌ಗೆ ಕಪ್ಪು ತಲೆ. ಮೂರು-ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಎರಡು ವಾರ ತಿನ್ನುತ್ತದೆ, ಸುಮಾರು ಒಂದು ವಾರ ಗೂಡಿನಲ್ಲಿ.

ಎರಡೂ ಊರಿನವಕ್ಕೆ ಒಂದೇ ಮರದ ಎಲೆ ಕೊಡಿ. ಡಬ್ಬಿಗಳನ್ನು ಒಂದೇ ಕಿಟಕಿಯ ಹತ್ತಿರ ಇಡಿ, ದಿನಕ್ಕೊಮ್ಮೆ ಜಾಗ ಅದಲುಬದಲು ಮಾಡಿ. ರಾತ್ರಿ ಆ ಕೋಣೆಯಲ್ಲಿ ಟ್ಯೂಬ್‌ಲೈಟ್ ಬೇಡ. ಹಗಲು ಎಷ್ಟು ಹೊತ್ತು ಅನ್ನುವುದೂ ಈ ಚಿಟ್ಟೆಯ ಉಡುಗೆಯನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಒಂದು. ಎಲೆಯನ್ನು ಔಷಧಿ ಹೊಡೆದ ತೋಟದಿಂದ ತರಬೇಡಿ. ನಾನು ಒಮ್ಮೆ ನೋಡದೆ ತಂದು, ಒಂದೇ ರಾತ್ರಿಯಲ್ಲಿ ಹನ್ನೊಂದು ಹುಳು ಸತ್ತವು.

ಚಿಟ್ಟೆ ಹೊರಬಂದ ಮೇಲೆ ರೆಕ್ಕೆ ಒಣಗಲು ಒಂದೆರಡು ಗಂಟೆ ಬಿಡಿ, ಎರಡೂ ಮೈಯ ಫೋಟೊ ತೆಗೆಯಿರಿ. ಒಂದೇ ಎಲೆ, ಒಂದೇ ಬೆಳಕಿನಲ್ಲಿ ಬೆಳೆದೂ ಎರಡು ಊರಿನವು ಬೇರೆಯಾಗಿಯೇ ಬಂದರೆ, ಅದನ್ನು ಊರಿನ ವ್ಯತ್ಯಾಸ ಅಂತ ಧೈರ್ಯವಾಗಿ ಬರೆಯಬಹುದು. ಒಂದೇ ಥರ ಬಂದರೆ ನೀವು ಮೊದಲು ಕಂಡಿದ್ದು ಹವೆಯ ಕೆಲಸ. ಅದನ್ನೂ ಅಷ್ಟೇ ಖುಷಿಯಿಂದ ಬರೆದಿಡಿ.

ಪ್ರತಿ ಚಿಟ್ಟೆಯನ್ನೂ ಅದರ ಊರಿನಲ್ಲೇ ಬಿಡಬೇಕು. ಚಳ್ಳಕೆರೆಯದನ್ನು ಆಗುಂಬೆಯಲ್ಲಿ ಬಿಟ್ಟರೆ ನೀವು ಹುಡುಕುತ್ತಿರುವ ವ್ಯತ್ಯಾಸವನ್ನು ನೀವೇ ಕಲಸಿದ ಹಾಗಾಗುತ್ತದೆ. ಅಷ್ಟು ದೂರ ವಾಪಸ್ ಹೋಗಲು ಆಗುವುದಿಲ್ಲ ಅಂದರೆ ಅಲ್ಲಿಂದ ಮೊಟ್ಟೆಯನ್ನೇ ತರಬೇಡಿ.

ಹೆಜ್ಜೆ 9: ಹಂಚಿಕೊಳ್ಳಿ

ಫೋಟೊಗಳನ್ನು ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಇಲ್ಲವೇ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯವರು ನಡೆಸುವ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣಕ್ಕೆ ಹಾಕಿ. ಜಾತಿ ತಪ್ಪಿದ್ದರೆ ತಿಳಿದವರು ತಿದ್ದುತ್ತಾರೆ. ಮನೆಯಲ್ಲಿ ಸಾಕಿದ ಚಿಟ್ಟೆಯ ಫೋಟೊಗೆ 'ಸಾಕಿದ್ದು' ಅಂತ, ಮೊಟ್ಟೆ ಯಾವ ಊರಿನದು ಅಂತ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಬೇರೆಯವರು ಅದನ್ನು ಆ ತಿಂಗಳ ಕಾಡು ಚಿಟ್ಟೆ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ಅಳತೆಯ ಪಟ್ಟಿಯ ಒಂದು ಪ್ರತಿಯನ್ನು ಫೋಟೊ ಕಳಿಸಿದ ಎಲ್ಲ ಗೆಳೆಯರಿಗೂ ಕೊಡಿ. ಮುಂದಿನ ಜೂನ್‌ನಲ್ಲಿ ಅವರವರ ಊರಿಗೆ ಮೊದಲ ಮಳೆ ಬಿದ್ದ ದಿನವನ್ನು ಅದೇ ಪಟ್ಟಿಯಲ್ಲಿ ಬರೆದುಕೊಳ್ಳಲು ಹೇಳಿ.